ನಿಂಬೆ, ಮೊಸರು, ಬಿಳಿಜೋಳದ ನಡುವೆ ಖೀಮಾ

ವಿಜಯಪುರ ಜಿಲ್ಲೆಯಾಗ ಊರಿಗೊಂದು ರುಚಿ. ಇಂಡಿಯ ನಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಬಸವನ ಬಾಗೇವಾಡಿ ದಾಟಿ ಕೊಲ್ಹಾರಕ್ಕೆ ಹೋದರೆ ಗಡಿಗೆಯ ಗಟ್ಟಿ ಮೊಸರು. ಮುದ್ದೇಬಿಹಾಳ, ಸಿಂದಗಿ ಕಡೆ ಎರೆಹೊಲದ ಹಿಂಗಾರಿ ಬಿಳಿಜೋಳ. ಈ ಮೂರೂ ಕೂಡೋದು ಸಿಂದಗಿಯ ನಮ್ಮ ಮನೆಯ ಖೀಮಾ ಊಟದಾಗ.

ಮೊದಲು ದನದ ಖೀಮಾ ತರ್ತಿದ್ದೆವು. 2021ರಲ್ಲಿ ಜಾರಿಯಾದ ಕಾನೂನು 13 ವರ್ಷ ದಾಟಿದ ಎಮ್ಮೆ, ಕೋಣಕ್ಕಷ್ಟೇ ಅವಕಾಶ ಉಳಿಸಿತು. ಈಗ ಕುರಿ ಖೀಮಾ, ಭಾಳ ತುಟ್ಟಿ. ಅದಕ್ಕೇ ಅಮ್ಮ ಅರ್ಧ ಕಿಲೋಕ್ಕೆ ಒಂದು ಬಟ್ಟಲು ನೆನೆಸಿದ ಕಡಲೆಬೇಳೆ ಕೂಡಿಸ್ತಾಳ. ಉಳ್ಳಾಗಡ್ಡಿ ಕೆಂಪಗೆ ಹುರಿದು, ಶುಂಠಿ-ಬಳ್ಳೊಳ್ಳಿ, ಮಸಾಲಿ ಖಾರ, ಖೀಮಾ ಹಾಕಿ ನೀರು ಆರೋತನಕ ಕೈಯಾಡಿಸಬೇಕು. ಬೇಳೆ, ನೀರು ಹಾಕಿ ಕುಕ್ಕರಿನಾಗ ನಾಲ್ಕು ಸೀಟಿ. ಇಳಿಸಿ ನಿಂಬೆ ಹಿಂಡಿ. ಬಿಸಿ ರೊಟ್ಟಿ ಜೋಡಿ ಏಳು ಮಂದಿಗೆ ಸಾಲ್ತದ.