ಉಪಯೋಗ ಏನು ಎಂಬ ಪ್ರಶ್ನೆ

ಗಣಿತ ಕಲಿಸುವವರಿಗೆ ಮದುವೆ ಮನೆಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ, ‘ಇದರಿಂದ ಉಪಯೋಗ ಏನು?’ ಟೋಪಾಲಜಿಯವರಿಗಂತೂ ಉತ್ತರ ಇನ್ನೂ ಕಷ್ಟ. ಎಳೆದರೂ ಹಿಗ್ಗಿಸಿದರೂ ಬದಲಾಗದ ಆಕಾರದ ಗುಣಗಳನ್ನು ನೋಡುವ ಶಾಸ್ತ್ರ ಅದು. ಅದರ ಕಣ್ಣಿಗೆ ಕೋಡುಬಳೆ, ಉದ್ದಿನ ವಡೆ ಎರಡೂ ಒಂದೇ. ಎರಡಕ್ಕೂ ಇರುವುದು ಒಂದೇ ತೂತು. ಪುಣೆಯ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷ ಇದನ್ನು ಕಲಿಸಿರುವ ನನಗೆ ಈ ಪ್ರಶ್ನೆ ಬಂದಾಗಲೆಲ್ಲ ಗುನ್ನಾರ್ ಕಾರ್ಲ್‌ಸನ್ ನೆನಪಾಗುತ್ತಾರೆ.

1952ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಕಾರ್ಲ್‌ಸನ್, 1984ರಲ್ಲಿ ‘ಸೀಗಲ್ ಊಹೆ’ಯನ್ನು ಸಾಧಿಸಿ ತೋರಿಸಿದರು. ಅದು ಅಪ್ಪಟ ಶುದ್ಧ ಗಣಿತ. 2000ದ ಸುಮಾರಿಗೆ, ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಅವರು ಡೇಟಾದ ಕಡೆ ಹೊರಳಿದರು. ಅಂಕಿಗಳ ರಾಶಿಗೂ ಒಂದು ಆಕಾರವಿರುತ್ತದೆ, ಅದನ್ನು ಟೋಪಾಲಜಿ ಹಿಡಿಯಬಲ್ಲದು ಎಂಬುದು ಅವರ ನಂಬಿಕೆ.

ಹಿಡಿಯುವುದು ಹೇಗೆ? ರಂಗೋಲಿಯ ಚುಕ್ಕಿ ಇಟ್ಟ ಕೂಡಲೇ, ಗೆರೆ ಎಳೆಯುವ ಮೊದಲೇ, ನಮ್ಮ ಕಣ್ಣು ಆಕಾರ ಕಾಣುತ್ತದೆ. ಕಂಪ್ಯೂಟರಿಗೆ ಆ ಕಣ್ಣಿಲ್ಲ. ಅದಕ್ಕೆ ಹಲವರು ಸೇರಿ ಬೆಳೆಸಿದ ಉಪಾಯ ಇದು: ಪ್ರತಿ ಚುಕ್ಕಿಯನ್ನೂ ನಿಧಾನಕ್ಕೆ ದೊಡ್ಡದು ಮಾಡುತ್ತ ಹೋಗುವುದು. ಚುಕ್ಕಿಗಳು ಒಂದಕ್ಕೊಂದು ತಾಗಿದಂತೆ ನಡುವೆ ತೂತುಗಳು ಮೂಡುತ್ತವೆ, ಮುಚ್ಚುತ್ತವೆ. ಬೇಗ ಮುಚ್ಚಿದ್ದು ಬಹುಪಾಲು ಗದ್ದಲ. ಬಹಳ ಹೊತ್ತು ಉಳಿದದ್ದು ನಿಜವಾದ ಆಕಾರ.

2008ರಲ್ಲಿ ಕಾರ್ಲ್‌ಸನ್ ಮತ್ತು ಸಂಗಡಿಗರು ಸಾಮಾನ್ಯ ಫೋಟೋಗಳಿಂದ ಕತ್ತರಿಸಿದ 3×3 ಪಿಕ್ಸೆಲ್‌ನ ಲಕ್ಷಾಂತರ ತುಣುಕುಗಳನ್ನು ಹೀಗೆ ನೋಡಿದರು. ಹೆಚ್ಚು ದಟ್ಟವಾಗಿ ಸೇರಿದ್ದ ತುಣುಕುಗಳು ಸೇರಿ ಆಗಿದ್ದ ಆಕಾರ ಕ್ಲೈನ್ ಬಾಟಲಿ! ಒಳಗು ಹೊರಗು ಎಂಬುದಿಲ್ಲದ ಆ ಮೇಲ್ಮೈಯನ್ನು ಫೆಲಿಕ್ಸ್ ಕ್ಲೈನ್ ವರ್ಣಿಸಿದ್ದು 1882ರಲ್ಲಿ. 2011ರಲ್ಲಿ ಇದೇ ದಾರಿಯ ಇನ್ನೊಂದು ವಿಧಾನ, ಸ್ತನ ಕ್ಯಾನ್ಸರ್ ರೋಗಿಗಳ ಡೇಟಾದಲ್ಲಿ, ಎಲ್ಲರೂ ಬದುಕುಳಿದಿದ್ದ ಒಂದು ಗುಂಪನ್ನು ಬೇರೆಯಾಗಿ ತೋರಿಸಿತು.

ಈ ಕಥೆಯನ್ನು ಕ್ಲಾಸಿನಲ್ಲಿ ಹೇಳುವುದು ಸುಲಭ. ಹೋದ ವರ್ಷ ಧಾರವಾಡದಿಂದ ಅಣ್ಣನ ಮಗಳು ಫೋನ್ ಮಾಡಿದಳು. ಎಂಎಸ್ಸಿ ಮುಗಿಯಲು ಇನ್ನೊಂದು ವರ್ಷ. “ಕಾಕಾ, ಇದನ್ನ ಬಿಟ್ಟು ಡೇಟಾ ಸೈನ್ಸ್ ಕೋರ್ಸಿಗೆ ಸೇರ್ಲೇನು? ಅಪ್ಪಾಜಿ ರಿಟೈರ್ ಆಗ್ಲಿಕ್ಕತ್ತಾರ.”

ಕಾರ್ಲ್‌ಸನ್ನರ ಕಥೆಯಲ್ಲಿ ನಾವು ಹಾರಿಸಿಬಿಡುವ ಸಂಗತಿ ಆಗ ನನಗೆ ಕಂಡಿತು. ಹೊಸ ದಾರಿ ಹಿಡಿದಾಗ ಅವರ ಕೈಯಲ್ಲಿ ಕಾಯಂ ಕೆಲಸವಿತ್ತು. ಗಣಿತ ಒಂದು ಶತಮಾನ ಕಾಯಬಲ್ಲದು. ಮನೆಯ ಸಾಲದ ಕಂತು ಕಾಯುವುದಿಲ್ಲ. ಆದರೆ ಡೇಟಾದ ಹತ್ತಿರ ಬಂದಾಗ ಅವರು ಟೋಪಾಲಜಿಯನ್ನು ಬಿಟ್ಟು ಬರಲಿಲ್ಲ, ಜೊತೆಗೇ ತಂದರು ಎಂಬುದೂ ಅಷ್ಟೇ ನಿಜ. “ಎಂಎಸ್ಸಿ ಮುಗಸು, ಸಂಜಿ ಹೊತ್ತು ಪೈಥಾನ್ ಕಲಿ,” ಅಂದೆ. ಈಗ ಅವಳು ಎರಡನ್ನೂ ಮಾಡುತ್ತಿದ್ದಾಳೆ, ನಿದ್ದೆ ಕಡಿಮೆಯಾಗಿದೆಯಂತೆ.

‘ಎಂದಾದರೂ ಉಪಯೋಗಕ್ಕೆ ಬರುತ್ತದೆ’ ಎಂಬ ಮಾತನ್ನು ಈಗ ನಾನು ಮಕ್ಕಳಿಗೆ ಹಾಗೇ ಹೇಳುವುದಿಲ್ಲ. ಆ ‘ಎಂದಾದರೂ’ ಬರುವವರೆಗೆ ಖರ್ಚು ಯಾರದು ಎಂದೂ ಕೇಳುತ್ತೇನೆ.