ಹವಾಲ್ದಾರನ ಲೆಕ್ಕ

ಚಂದಗುಳಿಯ ಗಣಪತಿಗೆ ಗಂಟೆ ಕಟ್ಟುತ್ತೇನೆಂದು ಹರಕೆ ಹೇಳಿಕೊಳ್ಳುವುದು ನಮ್ಮ ಎಲ್ಲಾಪುರ ಸೀಮೆಯ ರೂಢಿ. ಮಗುವಿನ ಜ್ವರ ಇಳಿದರೆ ಒಂದು ಗಂಟೆ, ಕೋರ್ಟಿನ ವ್ಯಾಜ್ಯ ಗೆದ್ದರೆ ಒಂದು, ಬಹುಕಾಲದಿಂದ ಮನೆಯಲ್ಲೇ ಉಳಿದ ಮಗಳಿಗೆ ಗಂಡು ಸಿಕ್ಕರೆ ತುಸು ದೊಡ್ಡದೊಂದು. ಗುಡಿಯೊಳಗೆ ನಿಂತು ತಲೆಯೆತ್ತಿದರೆ ಕಣ್ಣಿಗೆ ಬೀಳುವುದೆಲ್ಲ ಗಂಟೆಯೇ. ಪೇಟೆಯಿಂದ ಬಂದ ನೆಂಟರು ಮೊದಲು ಕೇಳುವ ಮಾತೂ ಒಂದೇ: “ಎಷ್ಟಿರಬಹುದು?” ಎಣಿಸಹೊರಟ ಹುಡುಗರನ್ನು ಕಂಡಿದ್ದೇನೆ; ನಾನೂ ಅವರಲ್ಲಿ ಒಬ್ಬನಾಗಿದ್ದೆ. ನೂರು ದಾಟುವಷ್ಟರಲ್ಲಿ ಯಾರೋ ಬಂದು ಒಂದನ್ನು ಬಾರಿಸುತ್ತಾರೆ, ಲೆಕ್ಕ ತಪ್ಪುತ್ತದೆ.

ಆ ಗಂಟೆಗಳಲ್ಲಿ ಒಂದು ನಮ್ಮ ಹವಾಲ್ದಾರನದು. ಅವನು ಹಳಿಯಾಳದ ಕಡೆಯ ಮರಾಠ. ನಮ್ಮ ಅಡಿಕೆ ತೋಟದಲ್ಲಿ ಮಂಗ ಕಾಯುವ ಕೆಲಸಕ್ಕೆ ಇದ್ದ. ನಿಜ ಹೇಳಬೇಕೆಂದರೆ ಅವನು ಹವಾಲ್ದಾರನಾಗಿರಲಿಲ್ಲ. ಬೆಳಗಾವಿಯ ಮರಾಠಾ ಪಲ್ಟಣದಲ್ಲಿ ಬರಿಯ ಸಿಪಾಯಿ. ಬಡ್ತಿಯನ್ನು ಕೊಟ್ಟವರು ನಮ್ಮೂರಿನವರು. ಸಂಬಳ ಏರಿಸುವ ಹಂಗಿಲ್ಲದ ಬಡ್ತಿಯಾದ್ದರಿಂದ ಧಾರಾಳವಾಗಿ ಕೊಟ್ಟಿದ್ದರು.

ಅವನ ಪಲ್ಟಣ ಐದನೆಯ ಮರಾಠಾ ಲೈಟ್ ಇನ್ಫೆಂಟ್ರಿಯ ಎರಡನೆಯ ಬೆಟಾಲಿಯನ್ನು. ೧೯೪೨ರ ಜೂನ್ ತಿಂಗಳಲ್ಲಿ ಅದು ಲಿಬಿಯದ ಟೋಬ್ರುಕ್ ಕೋಟೆಯ ಆಗ್ನೇಯ ಮೂಲೆಯನ್ನು ಕಾಯುತ್ತಿತ್ತು. ಜೂನ್ ೨೦ರ ಬೆಳಗಿನ ಜಾವ ಜರ್ಮನ್ ಸೇನಾನಿ ರೊಮೆಲ್ ನುಗ್ಗಿದ್ದು ಸರಿಯಾಗಿ ಆ ಮೂಲೆಯಿಂದಲೇ. ಮೊದಲು ವಿಮಾನಗಳು, ಆಮೇಲೆ ತೋಪು, ಆಮೇಲೆ ಟ್ಯಾಂಕು. ಟ್ಯಾಂಕುಗಳನ್ನು ತಡೆಯಲೆಂದು ತೋಡಿದ್ದ ಕಂದಕದಲ್ಲಿ ಮರಳು ತುಂಬಿಹೋಗಿತ್ತು. ನೆಲದಲ್ಲಿ ಹುಗಿದಿದ್ದ ಸಿಡಿಮದ್ದುಗಳಲ್ಲಿ ಬಹಳಷ್ಟನ್ನು ಹಿಂದೆಯೇ ಕಿತ್ತು ಬೇರೆ ಕಡೆಗೆ ಒಯ್ದಿದ್ದರು. ನಮ್ಮವರ ಕೈಯಲ್ಲಿದ್ದ ತೋಪುಗಳಲ್ಲಿ ಹೆಚ್ಚಿನವು ಎರಡು ಪೌಂಡಿನ ಗುಂಡು ಹಾರಿಸುವ ಸಣ್ಣ ತೋಪುಗಳು. ಬಿಸಿಲು ಏರುವ ಹೊತ್ತಿಗೆ ಟ್ಯಾಂಕುಗಳು ಕಂದಕ ದಾಟಿ ಒಳಗೆ ಬಂದಿದ್ದವು. ಮರುದಿನ ಕೋಟೆ ಶರಣಾಯಿತು; ಸೆರೆಸಿಕ್ಕವರು ಸುಮಾರು ೩೩,೦೦೦ ಮಂದಿ. ನಮ್ಮ ಹವಾಲ್ದಾರ ಅವರಲ್ಲಿ ಒಬ್ಬ. ಇಟಲಿಯ ಸೆರೆಯಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಕಳೆದ. ೧೯೪೩ರ ಸೆಪ್ಟೆಂಬರಿನಲ್ಲಿ ಇಟಲಿ ಸೋಲೊಪ್ಪಿದಾಗ ತಪ್ಪಿಸಿಕೊಂಡು, ಬೆಟ್ಟದ ರೈತರೊಬ್ಬರ ಮನೆಯಲ್ಲಿ ಗೋವಿನಜೋಳದ ಹಿಟ್ಟು ತಿರುವಿದ ಮುದ್ದೆ ತಿಂದು ಬದುಕಿದ. ಊರಿಗೆ ಬಂದವನೇ ಗಂಟೆ ಕಟ್ಟಿದ.

ಯುದ್ಧದ ಮಾತು ಅವನು ತಾನಾಗಿ ಆಡುತ್ತಿರಲಿಲ್ಲ. ನಾವು ಹುಡುಗರು ಕೆದಕಿದಾಗ ಮಾತ್ರ ಹೇಳುತ್ತಿದ್ದ. ಎಷ್ಟು ಟ್ಯಾಂಕು ಬಂದವು ಎಂದರೆ ಯಾವಾಗಲೂ ಒಂದೇ ಉತ್ತರ:

“ಐದ್ನೂರು ಬಂದ್ವು ನೋಡ್ರಿ, ಸಣ್ಣ ಭಟ್ರ. ಒಂದು ಕಡಿಮಿ ಇಲ್ಲ.”

ಮಂಗನ ಹಿಂಡಿನ ವಿಷಯದಲ್ಲಿ ಅವನ ಲೆಕ್ಕ ಹೀಗಿರುತ್ತಿರಲಿಲ್ಲ. “ಇವತ್ತು ಇಪ್ಪತ್ತಾರು. ದೊಡ್ಡ ಗಂಡು ಎರಡು, ಉಳಿದದ್ದು ಹೆಣ್ಣು ಮರಿ. ಗಂಡು ಹೊಡದ್ರ ಸಾಕು, ಉಳಿದದ್ದು ತಾವ ಓಡ್ತಾವ” ಎನ್ನುತ್ತಿದ್ದ. ಅಷ್ಟು ಖಚಿತ. ಅಂಥವನು ಐನೂರು ಎಂದರೆ ನಂಬದೆ ಏನು ಮಾಡುವುದು?

ಧಾರವಾಡಕ್ಕೆ ಓದಲು ಹೋದ ಮೇಲೆ ನಂಬಿಕೆ ಕೆಟ್ಟಿತು. ಕಾಲೇಜಿನ ಪುಸ್ತಕ ಭಂಡಾರದಲ್ಲಿ ಆಫ್ರಿಕದ ಯುದ್ಧದ ದಪ್ಪ ಇಂಗ್ಲಿಷ್ ಪುಸ್ತಕವೊಂದು ಕೈಗೆ ಸಿಕ್ಕಿತು. ಅದರ ತುಂಬ ಕೋಷ್ಟಕಗಳು. ೧೯೪೨ರ ಮೇ ೨೬ರಂದು ಗಜಾಲದಲ್ಲಿ ಯುದ್ಧ ಶುರುವಾದಾಗ ರೊಮೆಲನ ಬಳಿ ಇದ್ದ ಜರ್ಮನ್ ಟ್ಯಾಂಕುಗಳು ೩೩೨, ಇಟಲಿಯವು ೨೨೮. ಎದುರಿಗಿದ್ದ ಇಂಗ್ಲಿಷರವು ೮೪೯! ತಿಂಗಳ ಹೊಡೆದಾಟದಲ್ಲಿ ಸವೆದು, ಟೋಬ್ರುಕ್‌ಗೆ ನುಗ್ಗುವಾಗ ಜರ್ಮನರ ಎರಡು ಪಾಂಜರ್ ಡಿವಿಜನ್ನುಗಳಲ್ಲಿ, ಹದಿನೈದನೆಯದು ಮತ್ತು ಇಪ್ಪತ್ತೊಂದನೆಯದು ಎರಡೂ ಸೇರಿ, ಓಡುವ ಸ್ಥಿತಿಯಲ್ಲಿದ್ದ ಟ್ಯಾಂಕುಗಳು ನೂರನ್ನು ತುಸು ಮೀರಿದ್ದವು, ಅಷ್ಟೆ.

ಹದಿನೇಳು ವರ್ಷದ ಹುಡುಗನಿಗೆ ಇಂಥದೊಂದು ಅಂಕಿ ಸಿಕ್ಕರೆ ಅದನ್ನು ಜೇಬಿನಲ್ಲಿಟ್ಟುಕೊಳ್ಳುವ ತಾಳ್ಮೆ ಎಲ್ಲಿಂದ ಬರಬೇಕು? ೧೯೬೭ರ ರಜೆಯಲ್ಲಿ ಊರಿಗೆ ಬಂದಿದ್ದೆ. ಸಂಕಷ್ಟಿಯ ದಿನ, ಪೂಜೆ ಮುಗಿದು ಎಲ್ಲರೂ ಗುಡಿಯ ಜಗುಲಿಯಲ್ಲಿ ಪಂಚಕಜ್ಜಾಯ ಮೆಲ್ಲುತ್ತ ಕೂತಿದ್ದರು. ಹವಾಲ್ದಾರ ಕೆಳಗೆ ಅಂಗಳದ ಅಂಚಿನಲ್ಲಿದ್ದ. ಯಾರೋ ತಮಾಷೆಗೆ ಐನೂರು ಟ್ಯಾಂಕಿನ ಮಾತೆತ್ತಿದರು. ನಾನು ಎದ್ದು ನಿಂತು ಪುಸ್ತಕದ ಅಂಕಿಗಳನ್ನು ಒಪ್ಪಿಸಿದೆ. ನೂರು ಚಿಲ್ಲರೆ, ಐನೂರಲ್ಲ. ಜಗುಲಿಯ ಮೇಲಿಂದ ಒಬ್ಬರು, “ಅಂದ್ರೆ ನೂರಕ್ಕೇ ಕೈ ಎತ್ತಿದ್ರನ ಹವಾಲ್ದಾರ್ರು?” ಎಂದರು. ದೊಡ್ಡ ನಗೆ ಎದ್ದಿತು.

ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನೊಬ್ಬನಿಗೇ ಎಂಬಂತೆ ಹೇಳಿದ: “ಪುಸ್ತಕ ಬರದಾವ ಶಾಣ್ಯಾ ಇರಬೇಕ್ರಿ. ಆದ್ರ ಒಂದು ಮಾತು. ನಾಕು ಎರಡು ಮೂರು ಅಂತ ನಂಬರ್ ಇತ್ತು, ಮೋಟು ತೋಪಿಂದು. ನಮ್ಮ ತಂತಿ ಬೇಲಿ ಮುಂದ ಅದರ ಸರಪಳಿ ಕಡದು ಬಿತ್ತು. ನಾ ಕಣ್ಣಾರೆ ನೋಡೀನಿ. ನಮ್ಮನ್ನ ಹಿಡದು ಕೂಡ್ರಿಸಿದ್ರಲ್ಲ, ಎರಡನೇ ದಿವ್ಸ ಮಧ್ಯಾಹ್ನ ಅದ ನಂಬರು ನಮ್ಮ ಮುಂದ ಹಾದು ಹೋತು. ಅದನ್ನ ಒಂದು ಅಂತ ಎಣಸ್ಬೇಕೋ ಎರಡು ಅಂತೋ?”

ಜಗುಲಿಯವರು ಇನ್ನಷ್ಟು ನಕ್ಕರು. ನಾನೂ ನಕ್ಕೆ. ಮನೆಗೆ ನಡೆಯುವಾಗ ಅಪ್ಪಯ್ಯ, “ಪುಸ್ತಕದಲ್ಲಿ ಇದ್ದಿದ್ದನ್ನೆಲ್ಲ ಎಲ್ಲರ ಎದ್ರಿಗೆ ಹೇಳವು ಹೇಳಿ ಇಲ್ಯ ತಮಾ” ಎಂದಷ್ಟೇ ಅಂದ. ಆ ದಿನದಿಂದ ಹವಾಲ್ದಾರ ಟ್ಯಾಂಕಿನ ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ೧೯೭೪ರ ಮಳೆಗಾಲದಲ್ಲಿ ತೀರಿಕೊಂಡ.

ನನ್ನ ಉದ್ಯೋಗವೂ ಲೆಕ್ಕದ್ದೇ ಆಯಿತು. ಬ್ಯಾಂಕಿನ ಆಡಿಟ್ ವಿಭಾಗ; ಕಾಗದದ ಮೇಲಿನ ಮೂಟೆಗಳನ್ನೂ ಗೋದಾಮಿನ ಮೂಟೆಗಳನ್ನೂ ತಾಳೆ ನೋಡುವ ಕೆಲಸ. ಎರಡೂ ಹೊಂದಿದ ದಿನ ಅನುಮಾನ ಹೆಚ್ಚಾಗುತ್ತಿತ್ತು. ನಿವೃತ್ತನಾಗಿ ಬೆಂಗಳೂರಿನ ಮಗನ ಮನೆಯಲ್ಲಿ ಕೂತ ಮೇಲೆ ಆ ಹಳೆಯ ಕೋಷ್ಟಕಗಳ ಚಪಲ ಮತ್ತೆ ಹತ್ತಿತು. ಮೊಮ್ಮಕ್ಕಳು ನಗುತ್ತಾರೆ; ಅಡಿಕೆ ಭಟ್ಟನಿಗೆ ಜರ್ಮನ್ ಟ್ಯಾಂಕಿನ ಗೊಡವೆ ಏಕೆಂದು. ನಗಲಿ.

ಪಾಂಜರ್ ಡಿವಿಜನ್ ಎಂಬ ಹೆಸರು ಕೇಳಿದರೆ ಲೋಕವೇ ನಡುಗುವ ಕಾಲವಿತ್ತು. ಒಳಗೆ ಕೈಯಿಟ್ಟು ನೋಡಿದರೆ ನಮ್ಮ ಅಡಿಕೆ ತೋಟದ ವ್ಯವಹಾರವೇ. ೧೯೪೦ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೇಲೆ ಬಿದ್ದಾಗ ಜರ್ಮನಿಗೆ ಹತ್ತು ಪಾಂಜರ್ ಡಿವಿಜನ್ನುಗಳಿದ್ದವು. ಟ್ಯಾಂಕು ಒಟ್ಟು ಸುಮಾರು ೨,೪೦೦. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಹಗುರವಾದ ಒಂದನೆಯ ಮತ್ತು ಎರಡನೆಯ ನಮೂನೆಯವು. ಒಂದನೆಯದರಲ್ಲಿ ಬರಿಯ ಮೆಷಿನ್‌ಗನ್, ತೋಪೇ ಇಲ್ಲ! ಮರುವರ್ಷ ರಷ್ಯದ ಮೇಲೆ ಹೋಗುವ ಮೊದಲು ಹಿಟ್ಲರ್ ಹತ್ತನ್ನು ಇಪ್ಪತ್ತು ಮಾಡಿದ. ಟ್ಯಾಂಕು ದುಪ್ಪಟ್ಟಾದುವೇ? ಇಲ್ಲ. ದೊಡ್ಡ ಡಿವಿಜನ್ನುಗಳಲ್ಲಿ ನಾಲ್ಕು ಟ್ಯಾಂಕು ಬೆಟಾಲಿಯನ್ನುಗಳಿದ್ದದ್ದು ಈಗ ಎರಡು, ಹೆಚ್ಚೆಂದರೆ ಮೂರು. ಅಣ್ಣತಮ್ಮಂದಿರು ಹಿಸ್ಸೆಯಾದ ಹಾಗೆ. ನಮ್ಮಲ್ಲೂ ಒಂದು ತೋಟ ಎರಡಾದಾಗ ಪಹಣಿ ಎರಡಾಗುತ್ತದೆ, ಯಜಮಾನರು ಇಬ್ಬರಾಗುತ್ತಾರೆ. ಮರ ಮಾತ್ರ ಇದ್ದಷ್ಟೇ. ಅದರಲ್ಲೂ ಕೊಳೆರೋಗ ಬಂದ ವರ್ಷ ಕೊನೆ ಬಿಟ್ಟ ಮರ ಎಷ್ಟು ಎಂಬುದು ಬೇರೆಯೇ ಪ್ರಶ್ನೆ.

ರೊಮೆಲನಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ೧೯೪೧ರ ಮಾರ್ಚಿನಲ್ಲಿ ಅವನ ಮೊದಲ ಟ್ಯಾಂಕುಗಳು ಟ್ರಿಪೋಲಿಯಲ್ಲಿ ಇಳಿದಾಗ ಬೀದಿಯಲ್ಲಿ ಮೆರವಣಿಗೆ ಮಾಡಿಸಿದನಂತೆ. ಮುಂದೆ ಹೋದ ಟ್ಯಾಂಕುಗಳು ಮೂಲೆ ತಿರುಗಿ ಹಿಂದಿನ ಬೀದಿಯಿಂದ ಬಂದು ಮತ್ತೆ ಸಾಲಿಗೆ ಸೇರುತ್ತಿದ್ದವು. ಕಂಪನಿ ನಾಟಕದಲ್ಲಿ ನಾಲ್ಕೇ ಜನ ಈಟಿ ಹಿಡಿದು ಪರದೆಯ ಹಿಂದೆ ಸುತ್ತಿ ಸುತ್ತಿ ಬಂದು ಕೌರವನ ಹನ್ನೊಂದು ಅಕ್ಷೌಹಿಣಿಯಾಗುತ್ತಿದ್ದರಲ್ಲ, ಹಾಗೆ. ಕಾರಿನ ಮೇಲೆ ಹಲಗೆ, ಕ್ಯಾನ್ವಾಸು ಹೊದಿಸಿ ಸುಳ್ಳು ಟ್ಯಾಂಕುಗಳನ್ನೂ ಮಾಡಿಸಿದ್ದ.

ಆದರೆ ಹವಾಲ್ದಾರ ಕಂಡದ್ದು ಹಲಗೆಯ ಟ್ಯಾಂಕಲ್ಲ. ಅವನು ಹೇಳಿದ ಮೂರು ಅಂಕಿಗಳ ಮರ್ಮ ನನಗೆ ತಿಳಿದದ್ದು ಬಹಳ ತಡವಾಗಿ. ಜರ್ಮನರು ಟ್ಯಾಂಕಿನ ಗೋಪುರದ ಮೇಲೆ ದೊಡ್ಡದಾಗಿ ನಂಬರು ಬರೆಯುತ್ತಿದ್ದರು. ಮೂರಂಕಿಯ ನಂಬರಾದರೆ ಮೊದಲನೆಯದು ಕಂಪನಿ, ಎರಡನೆಯದು ಪ್ಲಟೂನು, ಮೂರನೆಯದು ಪ್ಲಟೂನಿನೊಳಗೆ ಎಷ್ಟನೆಯ ಬಂಡಿ ಎಂಬುದು. ೪೨೩ ಎಂದರೆ ನಾಲ್ಕನೆಯ ಕಂಪನಿಯ ಎರಡನೆಯ ಪ್ಲಟೂನಿನ ಮೂರನೆಯ ಟ್ಯಾಂಕು. ಆ ದಿನಗಳ ರಚನೆಯಲ್ಲಿ ಒಂದು ಡಿವಿಜನ್ನಿಗೆ ಒಂದು ಟ್ಯಾಂಕು ರೆಜಿಮೆಂಟು, ರೆಜಿಮೆಂಟಿಗೆ ಎರಡು ಬೆಟಾಲಿಯನ್ನು, ಬೆಟಾಲಿಯನ್ನಿಗೆ ನಾಲ್ಕು ಕಂಪನಿ. ಮೊದಲ ಮೂರು ಹಗುರ ಕಂಪನಿಗಳು. ನಾಲ್ಕನೆಯದು ಮಾತ್ರ ಭಾರದ್ದು. ಅದರ ಬಂಡಿ ಪಾಂಜರ್ ನಾಲ್ಕನೆಯ ನಮೂನೆಯದು, ಅದರ ತೋಪು ೭೫ ಮಿಲಿಮೀಟರಿನ ಗಿಡ್ಡ ತೋಪು.

ಮೋಟು ತೋಪು! ಓದಿದವನು ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂತೆ. ಓದುಬರಹ ಹೆಚ್ಚಿಲ್ಲದ ಮಂಗ ಕಾಯುವವನು, ಕಂಪನಿ ರಚನೆಯ ಹೆಸರೂ ಕೇಳದವನು, ನಾಲ್ಕರಿಂದ ಆರಂಭವಾಗುವ ನಂಬರಿಗೆ ಇರಬೇಕಾದ ತೋಪನ್ನೇ ಹೇಳಿದ್ದ. ಕೋಷ್ಟಕ ಅವನ ಪರವಾಗಿ ಸಾಕ್ಷಿ ನುಡಿಯಿತು. ಅಂಥ ಕಂಪನಿಗೆ ಕಾಗದದ ಮೇಲೆ ೧೪ ನಾಲ್ಕನೆಯ ನಮೂನೆಯ ಟ್ಯಾಂಕು. ಎರಡು ಡಿವಿಜನ್ನುಗಳ ನಾಲ್ಕು ಕಂಪನಿಗೆ ೫೬ ಇರಬೇಕು. ಗಜಾಲದಲ್ಲಿ ಇದ್ದದ್ದು ೪೦. ಆ ನಲವತ್ತರಲ್ಲಿ ಒಂದನ್ನು ಅವನು ನಂಬರು ಸಹಿತ ಗುರುತಿಟ್ಟಿದ್ದ.

ಬಿದ್ದ ಟ್ಯಾಂಕು ಎದ್ದು ಬಂದದ್ದೂ ಕತೆಯಲ್ಲ. ಪಾಂಜರ್ ರೆಜಿಮೆಂಟಿನ ಜೊತೆಯಲ್ಲಿ ಅದರದೇ ಆದ ರಿಪೇರಿ ಕಂಪನಿ ಇರುತ್ತಿತ್ತು. ಮುಂದೆ ಗಾಲಿ, ಹಿಂದೆ ಸರಪಳಿ ಇರುವ ದೊಡ್ಡ ಎಳೆಯುವ ಬಂಡಿಗಳು ಕಾಳಗ ಮುಗಿಯುವ ಮೊದಲೇ ಕೆಟ್ಟು ನಿಂತವುಗಳನ್ನು ಎಳೆದು ಒಯ್ಯುತ್ತಿದ್ದವು. ಕಡಿದ ಸರಪಳಿಗೆ ಹೊಸ ಕೊಂಡಿ ಹಾಕುವುದು ಅವರಿಗೆ ರಾತ್ರಿಯೊಳಗಿನ ಕೆಲಸ. ನೆಲ ಗೆದ್ದವನಿಗೆ ಅದರ ಮೇಲೆ ಬಿದ್ದ ಟ್ಯಾಂಕೂ ಸಿಕ್ಕುತ್ತದೆ. ಹಿಂದೆ ಸರಿದವನು ತನ್ನದನ್ನೂ ಬಿಟ್ಟುಹೋಗುತ್ತಾನೆ. ೮೪೯ರಿಂದ ಹೊರಟ ಇಂಗ್ಲಿಷರು ಜೂನ್ ನಡುವಿನ ಹೊತ್ತಿಗೆ ಎಪ್ಪತ್ತರ ಆಸುಪಾಸಿಗೆ ಇಳಿದದ್ದಕ್ಕೆ ಇದೂ ಒಂದು ಕಾರಣ. ಟ್ಯಾಂಕಿನ ಜೊತೆಗೇ ತೋಪು, ಕಾಲಾಳು, ಕಂದಕ ಮುಚ್ಚುವ ಎಂಜಿನಿಯರುಗಳು, ಪೆಟ್ರೋಲು, ಎಲ್ಲರಿಗೂ ಒಂದೇ ರೇಡಿಯೋ ಮಾತು. ಟ್ಯಾಂಕು ನೂರೇ ಆದರೂ ಆ ನೂರೂ ಬಂದದ್ದು ಒಂದೇ ಮೂಲೆಗೆ, ಒಂದೇ ಬೆಳಿಗ್ಗೆ, ಒಂದು ಬೆಟಾಲಿಯನ್ನಿನ ಎದುರಿಗೆ. ನನ್ನ ದಪ್ಪ ಪುಸ್ತಕದಲ್ಲಿ ಇದೆಲ್ಲ ಇತ್ತು. ಕೋಷ್ಟಕದ ಹಿಂದಿನ ಪುಟಗಳಲ್ಲಿ. ನಾನು ಓದಿರಲಿಲ್ಲ.

ಜರ್ಮನರ ಲೆಕ್ಕವೂ ಬಹುಕಾಲ ನಡೆಯಲಿಲ್ಲವೆನ್ನಿ. ಹತ್ತು ದಿನದ ಮೇಲೆ ಎಲ್ ಅಲಮೇನ್ ಮುಂದೆ ಬಂದು ನಿಂತಾಗ ಆ ಎರಡು ಡಿವಿಜನ್ನುಗಳಲ್ಲಿ ಉಳಿದಿದ್ದ ಟ್ಯಾಂಕುಗಳು ಸುಮಾರು ೫೫. ಕಾಗದದ ಮೇಲೆ ಆಗಲೂ ಅವು ಎರಡು ಡಿವಿಜನ್ನುಗಳೇ. ಅವುಗಳಲ್ಲಿ ೪೨೩ ಇತ್ತೇ? ಅದನ್ನು ಹೇಳುವ ಕೋಷ್ಟಕ ನನಗೆ ಸಿಕ್ಕಿಲ್ಲ.

ಹೋದ ವರ್ಷ ಚಂದಗುಳಿಗೆ ಹೋಗಿದ್ದೆ. ಹವಾಲ್ದಾರನ ಗಂಟೆ ಅಂಗೈಯಷ್ಟು ಎತ್ತರದ್ದು, ಹಿತ್ತಾಳೆಯದು. ನಾಲಗೆ ಒಂದು ಕಡೆಗೆ ತುಸು ಬಾಗಿದ್ದರಿಂದ ಎರಡು ಬಾರಿ ಬಾರಿಸಿದರೆ ಒಂದೇ ಬಾರಿ ಸದ್ದಾಗುತ್ತಿತ್ತು. ಅದೊಂದೇ ಗುರುತು. ಕತ್ತು ನೋಯುವವರೆಗೆ ಹುಡುಕಿದೆ. ಅರ್ಚಕರ ಮನೆಯ ಹುಡುಗ ಬಂದು, “ಎಂತ ನೋಡ್ತಾ ಇದ್ರಿ ಅಜ್ಜ? ಎಣಿಸ್ತಾ ಇದ್ರನ?” ಎಂದ. ಇಲ್ಲವೆಂದೆ. ಅವನು ಸ್ಟೂಲು ತಂದು ಹಿಡಿದುಕೊಂಡ. ನಾನು ಹತ್ತಿ ಕೈಗೆಟುಕಿದ ಸಣ್ಣ ಗಂಟೆಗಳನ್ನೆಲ್ಲ ಒಂದೊಂದಾಗಿ, ಎರಡೆರಡು ಬಾರಿ ಬಾರಿಸುತ್ತ ಹೋದೆ.