ಬಾಲ್ಕನಿಯಲ್ಲೊಂದು ಮರುಭೂಮಿ

ತಂಗಿಯ ಬಾಣಂತನಕ್ಕೆಂದು ನಾನು ಶಿವಮೊಗ್ಗದಿಂದ ಬೆಂಗಳೂರಿಗೆ ಹೋದದ್ದು 2024ರ ಮಾರ್ಚ್ ತಿಂಗಳಲ್ಲಿ. ಮೆಜೆಸ್ಟಿಕ್‌ನಿಂದ ಮೆಟ್ರೋ ಹತ್ತಿ, ಕೆ.ಆರ್. ಪುರ ದಾಟಿ ಸಿಂಗಯ್ಯನಪಾಳ್ಯ ನಿಲ್ದಾಣದಲ್ಲಿ ಇಳಿದರೆ ಮಹದೇವಪುರ. ಒಂದು ಕಾಲದಲ್ಲಿ ಕೆರೆ, ಹೊಲಗಳಿದ್ದ ಊರು. ಈಗ ಎತ್ತ ನೋಡಿದರೂ ಗಾಜಿನ ಕಟ್ಟಡಗಳು, ಮಾಲ್, ಅಪಾರ್ಟ್‌ಮೆಂಟ್‌ಗಳು. ಆದರೆ ಅಂದು ಮೊದಲು ನನ್ನ ಕಣ್ಣಿಗೆ ಬಿದ್ದದ್ದು ರಸ್ತೆಯುದ್ದಕ್ಕೂ ಸಾಗುತ್ತಿದ್ದ ನೀರಿನ ಟ್ಯಾಂಕರ್‌ಗಳು.

ತಂಗಿಯ ಅಪಾರ್ಟ್‌ಮೆಂಟಿನ ಕೊಳವೆಬಾವಿ ಬತ್ತಿಹೋಗಿತ್ತು. ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು. ಹಸುಗೂಸಿನ ಬಟ್ಟೆ ಒಗೆಯುವುದಕ್ಕೂ ಬಾಣಂತಿಯ ಸ್ನಾನಕ್ಕೂ ಬಕೆಟ್ ಎಣಿಸಬೇಕಾದ ಸ್ಥಿತಿ. ಕುಡಿಯುವ ನೀರನ್ನು ಕೈತೋಟಕ್ಕೋ ವಾಹನ ತೊಳೆಯಲೋ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಅದೇ ತಿಂಗಳು ಆದೇಶ ಹೊರಡಿಸಿತ್ತು. ಬಾಲ್ಕನಿಯ ಗುಲಾಬಿ, ಪುದೀನ ಆಗಲೇ ಒಣಗಿದ್ದವು. ಜೀವ ಹಿಡಿದುಕೊಂಡಿದ್ದುದು ತಂಗಿಯ ಹಿರಿಮಗಳು ಸಾಕಿದ ಕಳ್ಳಿ ಗಿಡಗಳು ಮಾತ್ರ.

ಮೂರು ಕುಂಡಗಳು. ಒಂದರಲ್ಲಿ ನಿಂಬೆಹಣ್ಣಿನಷ್ಟು ಗುಂಡಗಿನ ಕಳ್ಳಿ. ಇನ್ನೊಂದರಲ್ಲಿ ನಮ್ಮ ಹಳ್ಳಿಯ ಬೇಲಿಗಳಲ್ಲಿ ಕಾಣುವ ಪಾಪಾಸುಕಳ್ಳಿ. ಮೂರನೆಯದು ಕಂಬದಂತೆ ನೆಟ್ಟಗೆ ನಿಂತದ್ದು. ಆರು ವರ್ಷದ ಹಿಂದೆ ತಂದಾಗ ಹೆಬ್ಬೆರಳಿನಷ್ಟಿತ್ತಂತೆ, ಈಗ ಗೇಣುದ್ದವಾಗಿತ್ತು. ಅದರ ಮೈ ಸೊರಗಿ ನೆರಿಗೆಗಟ್ಟಿದ್ದನ್ನು ಕಂಡು ನನಗೆ ಪಾಪವೆನಿಸಿತು. ಯಾರಿಗೂ ಹೇಳದೆ, ಅಕ್ಕಿ ತೊಳೆದ ನೀರನ್ನು ದಿನವೂ ಅದರ ಬುಡಕ್ಕೆ ಸುರಿಯತೊಡಗಿದೆ.

ಮೂರು ವಾರ ಕಳೆಯುವಷ್ಟರಲ್ಲಿ ಗಿಡದ ಬುಡ ಕಪ್ಪಾಗಿ ಮೆತ್ತಗಾಯಿತು. ಹುಡುಗಿ ಒಂದೂ ಮಾತಾಡಲಿಲ್ಲ, ಅತ್ತುಬಿಟ್ಟಳು. ಇಬ್ಬರೂ ಕುಂಡ ಎತ್ತಿಕೊಂಡು ರಸ್ತೆ ಬದಿಯ ನರ್ಸರಿಗೆ ಹೋದೆವು. ಅಲ್ಲಿನ ಮುದುಕ ಗಿಡವನ್ನು ಒತ್ತಿ ನೋಡಿ, "ಅಮ್ಮಾ, ಇದು ಬಾಯಾರಿಕೆಯಿಂದ ಸಾಯೋ ಗಿಡ ಅಲ್ಲ, ನೀರಿಂದಲೇ ಸಾಯೋದು" ಎಂದ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, "ಮೇಲಿನ ತುಂಡನ್ನು ಹತ್ತು ದಿನ ನೆರಳಲ್ಲಿ ಒಣಗಿಸಿ ಮರಳಲ್ಲಿ ನೆಡಿ" ಎಂದು ಕೈಗಿತ್ತ.

ಆಮೇಲೆ ಸೊಸೆಯೇ ನನಗೆ ಪಾಠ ಹೇಳಿದಳು. ನಾನು ಸೊರಗಿದೆ ಎಂದುಕೊಂಡ ಆ ನೆರಿಗೆಗಳೇ ಗಿಡದ ಉಗ್ರಾಣ. ಮಳೆ ಬಂದಾಗ ಅವು ಬಿಚ್ಚಿಕೊಂಡು ಮೈ ಉಬ್ಬುತ್ತದೆ, ನೀರು ಖರ್ಚಾದಂತೆ ಮತ್ತೆ ಮಡಚಿಕೊಳ್ಳುತ್ತದೆ. ಎಲೆಗಳು ಮುಳ್ಳಾಗಿರುವುದರಿಂದ ನೀರು ಆವಿಯಾಗಿ ಹೋಗುವುದು ಕಡಿಮೆ. ಬೇರೆ ಗಿಡಗಳು ಹಗಲು ಉಸಿರಾಡುವ ರಂಧ್ರಗಳನ್ನು ಇದು ತಂಪಾದ ರಾತ್ರಿಯಲ್ಲಿ ಮಾತ್ರ ತೆರೆಯುತ್ತದೆ. ಇಷ್ಟು ಜಿಪುಣತನದಿಂದಾಗಿ ಬೆಳವಣಿಗೆಯೂ ನಿಧಾನ.

ಕಳ್ಳಿಗಳ ತವರು ಅಮೆರಿಕ ಖಂಡಗಳು. ನಮ್ಮ ಪಾಪಾಸುಕಳ್ಳಿಯೂ ಅಲ್ಲಿಂದಲೇ ಬಂದದ್ದು. ದಕ್ಷಿಣ ಅಮೆರಿಕದ ಬ್ಲಾಸ್‌ಫೆಲ್ಡಿಯಾ ಎಂಬ ಕಳ್ಳಿ ಸುಮಾರು ಒಂದು ಸೆಂಟಿಮೀಟರ್ ಅಗಲದ್ದು, ಅಂಗಿಯ ಗುಂಡಿಯಷ್ಟು! ಅಮೆರಿಕದ ಅರಿಜೋನಾದ ಸಗ್ವಾರೊ ಕಳ್ಳಿಯಾದರೋ 12 ಮೀಟರ್‌ಗೂ ಮೀರಿ, ನಾಲ್ಕು ಮಹಡಿಯ ಮನೆಯೆತ್ತರ ಬೆಳೆಯುತ್ತದೆ. ಆದರೆ ಮೊದಲ ಎಂಟು ಹತ್ತು ವರ್ಷಗಳಲ್ಲಿ ಅದರ ಎತ್ತರ ನಾಲ್ಕೈದು ಸೆಂಟಿಮೀಟರ್ ದಾಟುವುದಿಲ್ಲ. ಮೊದಲ ಕೊಂಬೆ ಮೂಡಲು 50ರಿಂದ 75 ವರ್ಷ ಬೇಕು. ಆಯುಷ್ಯ ನೂರೈವತ್ತು ವರ್ಷಕ್ಕೂ ಹೆಚ್ಚು. ಅದರ ಬೇರುಗಳು ಆಳಕ್ಕಿಳಿಯದೆ ನೆಲದ ಮೇಲ್ಪದರದಲ್ಲೇ ಸುತ್ತ ಹರಡಿಕೊಂಡಿರುತ್ತವೆ. ಅಪರೂಪದ ಮಳೆ ಬಿದ್ದೊಡನೆ ನೂರಾರು ಲೀಟರ್ ನೀರು ಹೀರಿಟ್ಟುಕೊಳ್ಳುತ್ತವೆ.

ಮಾತು ಮುಗಿಸಿ ಸೊಸೆ ಕೇಳಿದಳು, "ಖಾಲಾ, ನಮ್ಮ ಅಪಾರ್ಟ್‌ಮೆಂಟಿಗೆ ಯಾಕೆ ಇಂಥ ಹೊಟ್ಟೆ ಇಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. ಮಳೆಗಾಲದಲ್ಲಿ ಇದೇ ಮಹದೇವಪುರದ ರಸ್ತೆಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದನ್ನು ನಾವು ಟಿವಿಯಲ್ಲಿ ನೋಡುತ್ತೇವೆ. ಬೇಸಿಗೆಯಲ್ಲಿ ಅಲ್ಲೇ ಟ್ಯಾಂಕರ್‌ಗೆ ಕಾಯುತ್ತಾರೆ. ಹಿರಿಯರು ಕಟ್ಟಿದ ಕೆರೆಗಳೇ ಈ ಊರಿನ ಹೊಟ್ಟೆಯಾಗಿದ್ದವು. ನಾವು ಮಣ್ಣಿಗೆ ಸಿಮೆಂಟ್ ಹೊದಿಸಿ, ನೀರು ಇಂಗುವ ದಾರಿಯನ್ನೇ ಮುಚ್ಚಿದೆವು. ನೂರು ಅಡಿಯ ಬಾವಿ ಸಾಲದೆ ಸಾವಿರ ಅಡಿಗೆ ಇಳಿದೆವು.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. ನಗರದ ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಒದಗಿಸುವ ಯೋಜನೆಯದು. ಸಂತೋಷದ ವಿಷಯವೇ. ಆದರೆ ದೂರದ ಹೊಳೆಯಿಂದ ಎಷ್ಟೇ ನೀರು ತಂದರೂ, ನಮ್ಮ ಮೇಲೆ ಬಿದ್ದ ಮಳೆಯನ್ನು ಹಿಡಿದಿಡಲು ಕಲಿಯದಿದ್ದರೆ ಸಾಕಾದೀತೇ?

ಆ ವಾರ ಸೊಸೆ ಫೋನು ಮಾಡಿದಳು. ಮರಳಲ್ಲಿ ನೆಟ್ಟ ತುಂಡು ಬೇರು ಬಿಟ್ಟು, ತುದಿಯಲ್ಲಿ ಹೊಸ ಮುಳ್ಳು ಮೂಡಿಸಿದೆಯಂತೆ. ಅಪಾರ್ಟ್‌ಮೆಂಟಿನವರು ತಾರಸಿಯ ಮಳೆನೀರನ್ನು ತೊಟ್ಟಿಗೆ ಇಳಿಸುವ ಪೈಪು ಹಾಕಿಸುತ್ತಿದ್ದಾರಂತೆ. ಕೊನೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಳು:

"ಖಾಲಾ, ಈ ಸಲ ಬಂದಾಗ ನನ್ನನ್ನು ಕೇಳದೆ ನೀರು ಹಾಕಬೇಡಿ!"